ರನ್‌ಅವೇಸ್ ವೇದಿಕೆ ಉಡುಪು ಹೊಲಿಸುವ ಸಮಗ್ರ ಮಾರ್ಗದರ್ಶಿ: ಬೂಟಿನಿಂದ ಶುರು ಮಾಡಿ

1970ರ ದಶಕದ ಅಮೆರಿಕದ ಹುಡುಗಿಯರ ರಾಕ್ ತಂಡ ‘ದಿ ರನ್‌ಅವೇಸ್’ನ ಹಾಡುಗಳನ್ನು ನುಡಿಸಲು ಹೊರಡುವ ಹುಡುಗಿಯರ ಬ್ಯಾಂಡುಗಳು ಉಡುಪಿನ ವಿಷಯದಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಜಂಪ್‌ಸೂಟ್ (ಟಾಪು, ಪ್ಯಾಂಟು ಒಂದೇ ತುಂಡಾಗಿರುವ ಉಡುಪು) ಕನ್ನಡಿಯ ಮುಂದೆ ಚೆನ್ನಾಗಿಯೇ ಕಾಣುತ್ತದೆ. ಗಿಟಾರ್ ಹೆಗಲಿಗೇರಿಸಿ ಕೈ ಎತ್ತಿದ ಕೂಡಲೇ ಕಂಕುಳ ಹೊಲಿಗೆ ಚರ್ರೆನ್ನುತ್ತದೆ. ಡ್ರಮ್ ಸ್ಟೂಲಿನ ಮೇಲೆ ಕುಳಿತರೆ ಹಿಂಭಾಗ ಬಿಗಿಯುತ್ತದೆ. ಬೆಲ್‌ಬಾಟಮ್ ಅಂಚು ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಇಷ್ಟೂ ಸಾಲದೆಂಬಂತೆ, ಫೋಟೊ ನೋಡಿದವರು “80ರ ದಶಕದ ಮೆಟಲ್ ಬ್ಯಾಂಡಾ?” ಅಂತ ಕೇಳುತ್ತಾರೆ.

ಇದರಲ್ಲಿ ಟೈಲರ್ ತಪ್ಪು ಕಡಿಮೆ. ಬಟ್ಟೆ ಮೊದಲು ಕೊಂಡು, ಹೊಲಿಸಿ, ಆಮೇಲೆ ಬೂಟು ಹುಡುಕಿ, ಗಿಟಾರನ್ನು ಕಾರ್ಯಕ್ರಮದ ದಿನವೇ ಅದರ ಮೇಲೆ ಹಾಕಿಕೊಂಡರೆ ಹೀಗೇ ಆಗುವುದು. ಕೆಳಗಿನ ಕ್ರಮ ಇದಕ್ಕೆ ಉಲ್ಟಾ ಇದೆ: ಮೊದಲು ಪಾತ್ರ, ಆಮೇಲೆ ಬೂಟು, ವಾದ್ಯದ ಸಮೇತ ಅಳತೆ, ಬಟ್ಟೆ ಅದಾದ ಮೇಲೆ. ಕಾರ್ಯಕ್ರಮಕ್ಕೆ ಕನಿಷ್ಠ ಐದು ವಾರ ಇರುವಾಗ ಶುರು ಮಾಡಿ. ಎರಡೇ ವಾರ ಉಳಿದಿದ್ದರೆ ಜಂಪ್‌ಸೂಟಿನ ಆಸೆ ಬಿಟ್ಟು ನೇರವಾಗಿ 7ನೇ ಹಂತಕ್ಕೆ ಹೋಗಿ.

## ಕೈಯಲ್ಲಿ ಇರಬೇಕಾದ ಸಾಮಾನು

ಎರಡು ಟೇಪು (ಒಂದು ಯಾಕೆ ಸಾಲದು ಅಂತ ಮುಂದೆ ಹೇಳುತ್ತೇನೆ), ಟ್ರಯಲ್‌ಗೆ ಕೋರಾ ಬಟ್ಟೆ ಅಥವಾ ಹಳೆಯ ಬೆಡ್‌ಶೀಟ್, ಸ್ಯಾಟಿನ್ನಿಗೆ 11ನೇ ನಂಬರ್ ಸೂಜಿ, ರೆಕ್ಸಿನ್ನಿಗೆ 14 ಅಥವಾ 16, ಗಟ್ಟಿ ಪಾಲಿಯೆಸ್ಟರ್ ದಾರ, 22ರಿಂದ 24 ಇಂಚಿನ ಜಿಪ್, ಅರ್ಧ ಇಂಚಿನ ಕಾಟನ್ ಪಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಸೀಮೆಸುಣ್ಣ, ಟಿಶ್ಯೂ ಪೇಪರ್. ಜೊತೆಗೆ ನಿಮ್ಮ ವಾದ್ಯ ಮತ್ತು ಅದರ ಸ್ಟ್ರ್ಯಾಪ್. ಕೊನೆಯ ಎರಡನ್ನು ಟೈಲರ್ ಅಂಗಡಿಗೆ ಹೊತ್ತೊಯ್ಯಲು ನಾಚಿಕೆಪಡಬೇಡಿ.

## ಹಂತ 1: ಯಾರು, ಯಾವ ವರ್ಷ ಅಂತ ತೀರ್ಮಾನಿಸಿ

“ರನ್‌ಅವೇಸ್ ಥರ” ಅಂದರೆ ಟೈಲರ್‌ಗೂ ಅರ್ಥವಾಗುವುದಿಲ್ಲ, ನಿಮಗೂ ಆಗಿರುವುದಿಲ್ಲ. ಐದು ಜನ ಐದು ಥರ ಇದ್ದರು. 1975ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಂಡ ಕಟ್ಟಿದಾಗ ಎಲ್ಲರೂ ಹದಿಹರೆಯದವರೇ. ಒಬ್ಬೊಬ್ಬರೂ ತಮ್ಮ ಆರಾಧ್ಯ ಕಲಾವಿದರ ಛಾಯೆಯನ್ನು ಮೈಗೂಡಿಸಿಕೊಂಡಿದ್ದರು. ಗಾಯಕಿ ಶೆರಿ ಕರಿಗೆ ಡೇವಿಡ್ ಬೋವಿ, ರಿದಮ್ ಗಿಟಾರಿನ ಜೋನ್ ಜೆಟ್‌ಗೆ ಸೂಜಿ ಕ್ವಾಟ್ರೋ ಮತ್ತು ಕೀತ್ ರಿಚರ್ಡ್ಸ್, ಲೀಡ್ ಗಿಟಾರಿನ ಲೀಟಾ ಫೋರ್ಡ್‌ಗೆ ಜೆಫ್ ಬೆಕ್ ಮತ್ತು ರಿಚಿ ಬ್ಲ್ಯಾಕ್‌ಮೋರ್, ಡ್ರಮ್ಮರ್ ಸ್ಯಾಂಡಿ ವೆಸ್ಟ್‌ಗೆ ಕ್ವೀನ್ ತಂಡದ ರೋಜರ್ ಟೇಲರ್, ಬಾಸ್ ನುಡಿಸುತ್ತಿದ್ದ ಜಾಕಿ ಫಾಕ್ಸ್‌ಗೆ ಕಿಸ್ ತಂಡದ ಜೀನ್ ಸಿಮನ್ಸ್.

ಉಡುಪಿಗೆ ಸಂಬಂಧಿಸಿದಂತೆ ಇದರಲ್ಲಿ ಎರಡು ಕೊಂಡಿಗಳು ಮುಖ್ಯ. ಕ್ವಾಟ್ರೋ 1973ರಲ್ಲೇ ಮುಂಭಾಗಕ್ಕೆ ಜಿಪ್ ಇರುವ ಚರ್ಮದ ಜಂಪ್‌ಸೂಟ್ ತೊಟ್ಟು, ಬಾಸ್ ನುಡಿಸುತ್ತ ಬ್ರಿಟನ್ನಿನಲ್ಲಿ ಮನೆಮಾತಾಗಿದ್ದರು. ಜೋನ್‌ನ ಜಂಪ್‌ಸೂಟ್, ಕತ್ತರಿಸಿಬಿಟ್ಟಂತಿರುವ ಕೂದಲು ಎರಡರ ಮೂಲವೂ ಅಲ್ಲಿದೆ. ಬೋವಿಯ ಗ್ಲ್ಯಾಮ್ (ಮಿನುಗುವ ಉಡುಪು, ಗಾಢ ಮೇಕಪ್ಪಿನ ರಾಕ್ ಶೈಲಿ) ಹೊಳಪು ಶೆರಿಯ ಸ್ಯಾಟಿನ್ನಿಗೆ, ಬೆಳ್ಳಿ ಬಣ್ಣಕ್ಕೆ ಬಂತು. ಟೈಲರ್‌ಗೆ ತೋರಿಸುವ ಫೋಟೊಗಳಲ್ಲಿ ಕ್ವಾಟ್ರೋದೂ ಒಂದಿರಲಿ. ಜಿಪ್ಪು, ಕಾಲರು, ಸೊಂಟದ ಕತ್ತರಿಸುವಿಕೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ನಿಮ್ಮ ತಂಡದಲ್ಲಿ ಎಷ್ಟು ಜನ ಅನ್ನುವುದರ ಮೇಲೆ ವರ್ಷ ಆರಿಸಿ. ಐವರಿದ್ದರೆ 1976ರಿಂದ 1977ರ ನಡುಭಾಗ; ಮೊದಲ ಎರಡು ಆಲ್ಬಮ್ ಮತ್ತು ಜಪಾನ್ ಪ್ರವಾಸದ ಕಾಲ ಅದು. ನಾಲ್ವರಿದ್ದರೆ ಅದರಾಚೆಯದು. ಜಪಾನ್ ಪ್ರವಾಸದ ಹೊತ್ತಿಗೆ ಜಾಕಿ ಹೊರನಡೆದರು, ಸ್ವಲ್ಪದರಲ್ಲೇ ಶೆರಿಯೂ ಬಿಟ್ಟರು. ವಿಕಿ ಬ್ಲೂ ಬಾಸ್‌ಗೆ ಬಂದು, ಜೋನ್ ಜೆಟ್ ಮುಖ್ಯ ಗಾಯಕಿಯಾದರು. ನಾಲ್ವರ ತಂಡ ಐದನೆಯವಳನ್ನು ಎಲ್ಲಿಂದಲೋ ಎಳೆದುತಂದು ಕೈಗೊಂದು ತಂಬೂರಿನ್ ಕೊಟ್ಟು ನಿಲ್ಲಿಸುವ ಅಗತ್ಯವಿಲ್ಲ.

ಇಲ್ಲಿ ಆಗುವ ತಪ್ಪುಗಳು. ಮೊದಲನೆಯದು ದಶಕಗಳ ಕಲಸುಮೇಲೋಗರ. ತೋಳಿಲ್ಲದ ಟೀ ಶರ್ಟು, ಬ್ಯಾಡ್ಜುಗಳು, ಮುಳ್ಳಿನಂತೆ ನಿಂತ ಕಪ್ಪು ಕೂದಲು, ಕ್ಯಾನ್ವಾಸ್ ಶೂ ಇವೆಲ್ಲ ಜೋನ್ ಜೆಟ್ ಆಮೇಲೆ ತಮ್ಮದೇ ತಂಡದ ಜೊತೆ 80ರ ದಶಕದಲ್ಲಿ ತೊಟ್ಟ ವೇಷ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅದೇ ಮೊದಲು ಸಿಗುತ್ತದೆ.

ಎರಡನೆಯದು 2010ರ ಸಿನಿಮಾ ನೋಡಿ ಹೊಲಿಸುವುದು. ಕ್ರಿಸ್ಟನ್ ಸ್ಟೀವರ್ಟ್, ಡಕೋಟಾ ಫ್ಯಾನಿಂಗ್ ನಟಿಸಿದ ಆ ಚಿತ್ರದಲ್ಲಿ ಬಾಸ್ ನುಡಿಸುವ ರಾಬಿನ್ ಅನ್ನುವ ಪಾತ್ರ ಕಲ್ಪಿತ; ಜಾಕಿ ಫಾಕ್ಸ್ ಅದರಲ್ಲಿ ಇಲ್ಲವೇ ಇಲ್ಲ. ಅಂದರೆ ಚಿತ್ರ ನೋಡಿ ಬಾಸ್ ವಾದಕಿಯ ಉಡುಪು ಹೊಲಿಸಿದರೆ ತಂಡದಲ್ಲಿ ಎಂದೂ ಇರದವಳ ಉಡುಪು ಹೊಲಿಸಿದ ಹಾಗೆ. ಹಾಗೆಯೇ ಶೆರಿ ಮುಖದ ಮೇಲೆ ಬೋವಿಯ ಥರ ಮಿಂಚಿನ ಗೆರೆ ಬರೆದುಕೊಳ್ಳುವುದು ಚಿತ್ರದಲ್ಲಿ ಶಾಲೆಯ ಪ್ರತಿಭಾ ಸ್ಪರ್ಧೆಯ ದೃಶ್ಯ. ರನ್‌ಅವೇಸ್ ವೇದಿಕೆಗೆ ಅದನ್ನು ಬಳಿದುಕೊಂಡು ಬಂದರೆ ನೋಡಿದವರಿಗೆ ಬೋವಿ ನೆನಪಾಗುತ್ತಾರೆಯೇ ಹೊರತು ಶೆರಿ ಅಲ್ಲ. 1976, 77ರ ವೇದಿಕೆಯ ಫೋಟೊಗಳನ್ನೇ ನಂಬಿ.

ಇನ್ನೊಂದು ಮಾತು. ಶೆರಿ ಒಂದು ಹಾಡಿಗೆ ಹಾಕುತ್ತಿದ್ದ ಒಳಉಡುಪಿನಂಥ ಬಿಗಿ ಕಂಚುಕವನ್ನು ಈ ಮಾರ್ಗದರ್ಶಿಯಲ್ಲಿ ಬಿಟ್ಟಿದ್ದೇನೆ. ಆಗ ಆಕೆ ಇನ್ನೂ ಹದಿನೆಂಟು ತುಂಬದ ಹುಡುಗಿ. ಅಂದಿನ ಪತ್ರಿಕೆಗಳು ಅದನ್ನಷ್ಟೇ ನೋಡಿ ನುಡಿಸುವಿಕೆಯನ್ನು ನೋಡದೆ ಹೋದವು. ಅದಿಲ್ಲದೆಯೇ ವೇಷ ಪೂರ್ತಿ ಗುರುತು ಸಿಗುತ್ತದೆ.

## ಹಂತ 2: ಬೂಟು ಕೊಳ್ಳಿ

ಪ್ಯಾಂಟಿನ ಉದ್ದ, ಬೆಲ್‌ಬಾಟಮ್ ಎಲ್ಲಿಂದ ಅಗಲವಾಗಬೇಕು, ಗಿಟಾರ್ ಎಷ್ಟು ಕೆಳಗೆ ಇಳಿಬೀಳಬೇಕು ಇವೆಲ್ಲ ಬೂಟಿನ ಎತ್ತರದ ಮೇಲೆ ನಿಂತಿವೆ. ಬೂಟಿಲ್ಲದೆ ಅಳತೆ ಕೊಟ್ಟವರ ಪ್ಯಾಂಟು ವೇದಿಕೆಯ ಮೇಲೆ ಎರಡು ಇಂಚು ಗಿಡ್ಡವಾಗುವುದು ಗ್ಯಾರಂಟಿ. ಬೆಲ್‌ಬಾಟಮ್ ಗಿಡ್ಡವಾದರೆ ಇಡೀ ವೇಷ ಕೆಟ್ಟಂತೆಯೇ.

ಹಿಮ್ಮಡಿ ಮೂರು ಇಂಚು, ಮುಂಭಾಗದ ಅಟ್ಟೆ ಒಂದು ಇಂಚು ಸಾಕು. ಮುಂಭಾಗ ದಪ್ಪವಾದಷ್ಟೂ ಪೆಡಲ್ ಒತ್ತಿದ್ದು ಕಾಲಿಗೆ ಗೊತ್ತಾಗುವುದಿಲ್ಲ. ಹಿಮ್ಮಡಿ ಚೂಪಾಗಿರಬಾರದು, ಚೌಕವಾಗಿರಲಿ. ವೇದಿಕೆಯ ಹಲಗೆಗಳ ಸಂದಿಗೆ ಚೂಪು ಹಿಮ್ಮಡಿ ಇಳಿಯುತ್ತದೆ. ಡ್ರಮ್ಮರ್‌ಗೆ ಪ್ಲಾಟ್‌ಫಾರ್ಮ್ ಬೂಟೇ ಬೇಡ. ತೆಳು ಅಟ್ಟೆಯ ಶೂ ಹಾಕಿಕೊಳ್ಳಲಿ, ಡ್ರಮ್ ಸೆಟ್ಟಿನ ಹಿಂದೆ ಅವಳ ಕಾಲು ಯಾರು ನೋಡುತ್ತಾರೆ?

ಕೊಂಡ ದಿನದಿಂದ ಮನೆಯಲ್ಲೇ ದಪ್ಪ ಕಾಲುಚೀಲದ ಜೊತೆ ದಿನಕ್ಕೆ ಅರ್ಧ ಗಂಟೆ ಹಾಕಿಕೊಂಡು ಓಡಾಡಿ. ಎರಡನೇ ವಾರದಿಂದ ಗಿಟಾರ್ ಹಾಕಿಕೊಂಡು ಓಡಾಡಿ.

ಎಚ್ಚರಿಕೆಯ ಸೂಚನೆ. ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟಿದ್ದ, ಯಾರದೋ ಹಳೆಯ ಬೂಟು ಸಿಕ್ಕಿದರೆ ಅಟ್ಟೆಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ನಮ್ಮ ತೇವದ ಹವೆಗೆ ಪಾಲಿಯುರಿಥೇನ್ ಅಟ್ಟೆ ಒಳಗಿಂದೊಳಗೇ ಕೊಳೆಯುತ್ತದೆ. ಉಗುರಿನ ಗುರುತು ಹಾಗೇ ಉಳಿದರೆ, ಅಂಚಿನಲ್ಲಿ ಪುಡಿ ಉದುರಿದರೆ ಅಥವಾ ಅಂಟಂಟಾಗಿದ್ದರೆ ಆ ಬೂಟು ಎರಡನೇ ಹಾಡಿಗೆ ಬಾಯಿ ಬಿಡುತ್ತದೆ. ಗೋಂದು ಹಾಕಿದರೂ ನಿಲ್ಲದು.

## ಹಂತ 3: ಅಳತೆ

ಐದು ಜನರಲ್ಲಿ ನಾಲ್ವರು ಸೋಲುವುದು ಇಲ್ಲೇ ಅಂತ ನನಗನ್ನಿಸುತ್ತದೆ. “ಚೂಡಿದಾರ್ ಟಾಪು, ಪ್ಯಾಂಟು ಸೇರಿಸಿ ಹೊಲಿದರೆ ಆಯ್ತಲ್ಲ ಮೇಡಂ?” ಅಂತ ಟೈಲರ್ ಕೇಳುತ್ತಾರೆ. ಆಗುವುದಿಲ್ಲ. ಟಾಪು ಬೇರೆ, ಪ್ಯಾಂಟು ಬೇರೆ ಇದ್ದಾಗ ನಾವು ಬಗ್ಗಿದರೆ ಎರಡರ ನಡುವೆ ಬಟ್ಟೆ ಜರುಗಿ ಜಾಗ ಕೊಡುತ್ತದೆ. ಜಂಪ್‌ಸೂಟಿನಲ್ಲಿ ಆ ಸಂದಿ ಇಲ್ಲ. ಬಗ್ಗಿದಾಗ ಬೆನ್ನು ಉದ್ದವಾಗುತ್ತದೆ, ಬಟ್ಟೆ ಉದ್ದವಾಗುವುದಿಲ್ಲ, ಹೊಲಿಗೆ ಬಿಡುತ್ತದೆ.

ಆದ್ದರಿಂದ ಎದೆ, ಸೊಂಟ, ಹಿಪ್ ಅಳತೆಗಳಿಗಿಂತ ಮುಖ್ಯವಾದದ್ದು ಮುಂಡದ ಪೂರ್ತಿ ಸುತ್ತಳತೆ. ಕುತ್ತಿಗೆಯ ಪಕ್ಕದಲ್ಲಿ ಭುಜದ ಮೇಲೊಂದು ಬಿಂದು ಗುರುತಿಸಿ. ಅಲ್ಲಿಂದ ಟೇಪು ಎದೆಯ ಮೇಲೆ ಇಳಿದು, ಕಾಲುಗಳ ಸಂದಿನಿಂದ ಹಿಂದಕ್ಕೆ ಹೋಗಿ, ಬೆನ್ನ ಮೇಲೆ ಏರಿ, ಅದೇ ಬಿಂದುವಿಗೆ ಬರಬೇಕು. ಟೈಲರ್ ಟೇಪು 60 ಇಂಚು ಮಾತ್ರ. ಸ್ವಲ್ಪ ಎತ್ತರದ ಹುಡುಗಿಗೆ ಅದು ಬೆನ್ನ ಮೇಲೆಯೇ ಮುಗಿದುಹೋಗುತ್ತದೆ. ಟೈಲರ್ ಉಳಿದದ್ದನ್ನು ಅಂದಾಜಿನಲ್ಲಿ ಬರೆದುಕೊಳ್ಳುತ್ತಾರೆ. ಎರಡನೇ ಟೇಪು ಇದಕ್ಕೇ. ಎರಡನ್ನೂ ಪಿನ್ ಹಾಕಿ ಜೋಡಿಸಿ. ಈ ಅಳತೆಯನ್ನು ಮನೆಯಲ್ಲಿ ಗೆಳತಿಯಿಂದಲೋ ಅಮ್ಮನಿಂದಲೋ ತೆಗೆಸಿ, ಚೀಟಿಯಲ್ಲಿ ಬರೆದು ಒಯ್ದರೆ ಮುಜುಗರವೂ ಇಲ್ಲ, ಅಂದಾಜೂ ಇಲ್ಲ.

ಇದನ್ನು ಮೂರು ಭಂಗಿಯಲ್ಲಿ ತೆಗೆಯಿರಿ:

1. ಬೂಟು ಹಾಕಿ ನೆಟ್ಟಗೆ ನಿಂತು.
2. ಗಿಟಾರ್ ಹಾಕಿ, ಕಾಲಗಲಿಸಿ, ಮೊಣಕಾಲು ಸ್ವಲ್ಪ ಮಡಿಸಿ, ಮುಂದಕ್ಕೆ ಬಗ್ಗಿ. ಗಿಟಾರಿಗೂ ಮೈಗೂ ನಡುವೆ ಟೇಪು ಸಡಿಲವಾಗಿ ಓಡುವಂತಿರಲಿ.
3. ಡ್ರಮ್ಮರ್ ಆದರೆ ಸ್ಟೂಲಿನ ಮೇಲೆ ಕುಳಿತು, ಎರಡೂ ಕೈ ಮುಂದೆ ಚಾಚಿ.

ನಿಂತ ಅಳತೆಗೂ ಬಗ್ಗಿದ ಅಳತೆಗೂ ಇರುವ ವ್ಯತ್ಯಾಸವೇ ನಿಮಗೆ ಬೇಕಾದ ಸಡಿಲು. ಹಿಗ್ಗದ ಸ್ಯಾಟಿನ್ ಅಥವಾ ರೆಕ್ಸಿನ್ ಆದರೆ ನಿಂತ ಅಳತೆಗೆ ಕನಿಷ್ಠ ಎರಡರಿಂದ ಮೂರು ಇಂಚು ಸೇರಿಸಿ, ಡ್ರಮ್ಮರ್‌ಗೆ ನಾಲ್ಕು. ಉದ್ದಕ್ಕೂ ಹಿಗ್ಗುವ ಲೈಕ್ರಾ ಆದರೆ ನಿಂತ ಅಳತೆಯೇ ಸಾಕು. ಈ ಸಡಿಲನ್ನೆಲ್ಲ ಮುಂದೆ ಕೊಟ್ಟರೆ ಹೊಟ್ಟೆಯ ಮೇಲೆ ಜೋಲು ಬೀಳುತ್ತದೆ. ಹೆಚ್ಚು ಭಾಗ ಬೆನ್ನಿಗೆ, ಸೊಂಟದ ಗೆರೆಗಿಂತ ಮೇಲೆ ಕೊಡಲು ಹೇಳಿ. ನಿಂತಾಗ ಬೆಲ್ಟಿನ ಮೇಲೆ ಸ್ವಲ್ಪ ಉಬ್ಬಿಕೊಂಡಿರುತ್ತದೆ, ಇರಲಿ.

ತೋಳಿನ ಉದ್ದವನ್ನೂ ಕೈ ಇಳಿಬಿಟ್ಟು ಅಳೆಯಬೇಡಿ. ಗಿಟಾರಿನ ಕುತ್ತಿಗೆ ಹಿಡಿದ ಎಡಗೈ ಮೊಣಕೈಯಲ್ಲಿ ಮಡಿದಿರುತ್ತದೆ. ಮಡಿಸಿಯೇ ಅಳೆಯಿರಿ, ಇಲ್ಲದಿದ್ದರೆ ತೋಳು ಮುಂಗೈಯಿಂದ ಮೂರು ಬೆರಳು ಮೇಲಕ್ಕೆ ಹೋಗಿ ಕೂರುತ್ತದೆ.

## ಹಂತ 4: ಬಟ್ಟೆ ಆರಿಸುವುದು, ಬೆಳಕಿನ ಕೆಳಗೆ

ಜಂಪ್‌ಸೂಟಿಗೆ 44 ಇಂಚು ಪನ್ನದ ಬಟ್ಟೆ ಸುಮಾರು ಐದು ಮೀಟರ್, 58 ಇಂಚಿನದಾದರೆ ಮೂರೂವರೆ ಮೀಟರ್ ಬೇಕಾಗುತ್ತದೆ. ಬೆಲ್‌ಬಾಟಮ್ ತುಂಬ ಅಗಲ ಬೇಕಾದರೆ ಅರ್ಧ ಮೀಟರ್ ಜಾಸ್ತಿ. ಬೆಂಗಳೂರಿನವರಿಗೆ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಸ್ಯಾಟಿನ್, ಲೈಕ್ರಾ, ಜಿಪ್ಪು, ಪಟ್ಟಿ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಬೇರೆ ಊರಿನವರು ಡ್ಯಾನ್ಸ್ ಡ್ರೆಸ್ ಬಾಡಿಗೆಗೆ ಕೊಡುವವರನ್ನು ಕೇಳಿ. ಬೆಳ್ಳಿ ಮಿಂಚಿನ ಲೈಕ್ರಾ ಎಲ್ಲಿ ಸಿಗುತ್ತದೆ ಅಂತ ಅವರಿಗೆ ಖಂಡಿತ ಗೊತ್ತಿರುತ್ತದೆ.

ಅನುಭವವಿಲ್ಲದವರಿಗೆ ನನ್ನ ಶಿಫಾರಸು ಸ್ಟ್ರೆಚ್ ಸ್ಯಾಟಿನ್. ನೋಟಕ್ಕೆ ಆ ಕಾಲದ್ದೇ, ಮೈಗೆ ಮಾತ್ರ ಈ ಕಾಲದ್ದು. ಆದರೆ ಅಡ್ಡಕ್ಕೆ ಮಾತ್ರ ಹಿಗ್ಗುವ ಬಟ್ಟೆಯನ್ನು ಅಂಗಡಿಯವರು “ಸ್ಟ್ರೆಚ್ ಇದೆ” ಅಂತಲೇ ಕೊಡುತ್ತಾರೆ. ಜಂಪ್‌ಸೂಟಿಗೆ ಉದ್ದಕ್ಕೆ ಹಿಗ್ಗುವುದು ಮುಖ್ಯ. ಹತ್ತು ಸೆಂಟಿಮೀಟರ್ ಹಿಡಿದು ಉದ್ದಕ್ಕೆ ಎಳೆಯಿರಿ. ಹನ್ನೆರಡು ಹದಿಮೂರಕ್ಕೆ ಹೋಗಿ, ಬಿಟ್ಟ ಕೂಡಲೇ ಹತ್ತಕ್ಕೆ ಮರಳಬೇಕು. ಎಳೆದದ್ದು ಅಲ್ಲೇ ನಿಂತರೆ ಎರಡನೇ ಪ್ರದರ್ಶನದ ಹೊತ್ತಿಗೆ ಮೊಣಕಾಲಲ್ಲಿ ಚೀಲ ಬೀಳುತ್ತದೆ.

ಚರ್ಮದ ನೋಟ ಬೇಕೆಂದು ಸೋಫಾ ರಿಪೇರಿಯವರ ಹತ್ತಿರ ರೆಕ್ಸಿನ್ ತರುವವರಿದ್ದಾರೆ. ಅದು ಕೂರಲಿಕ್ಕೆ ಮಾಡಿದ್ದು, ತೊಡಲಿಕ್ಕಲ್ಲ. ದಪ್ಪ ಜಾಸ್ತಿ, ಮಡಿಕೆ ಬೀಳದು, ಗಾಳಿ ಆಡದು. ಮೊಣಕೈ ಮಡಿಸಿದರೆ ಚಕ್ಕೆ ಏಳುತ್ತದೆ. ಜಾಕೆಟ್ ಹೊಲಿಯುವ ತೆಳು ರೆಕ್ಸಿನ್ ಕೇಳಿ. ಒಂದು ಮೂಲೆಯನ್ನು ಗಟ್ಟಿಯಾಗಿ ಮಡಿಸಿ, ಉಗುರಿನಿಂದ ಗೀರಿ, ಬಿಚ್ಚಿ ನೋಡಿ. ಮಡಿಕೆಯ ಮೇಲೆ ಬಿಳಿ ಗೆರೆ ಉಳಿದರೆ ಆ ಥಾನು ವಾಪಸ್ ಕೊಡಿ.

ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸಬೇಡಿ. ಜೋನ್‌ನ ಕೆಂಪು ಜಂಪ್‌ಸೂಟ್ ಎಲ್ಲರಿಗೂ ಇಷ್ಟ. ಆದರೆ ಕೆಂಪು ಬಟ್ಟೆ ನೀಲಿ ಅಥವಾ ಹಸಿರು ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಕೆಂಪು ಬೆಳಕಿನಲ್ಲಿ ನೆರಿಗೆ, ಹೊಲಿಗೆ ಎಲ್ಲ ಮಾಯವಾಗಿ ಒಂದೇ ಮುದ್ದೆಯಾಗುತ್ತದೆ. ಬೆಳ್ಳಿ ಬಣ್ಣ ಯಾವ ಬೆಳಕು ಬಿದ್ದರೂ ಆ ಬಣ್ಣಕ್ಕೇ ತಿರುಗುತ್ತದೆ, ಅದಕ್ಕೇ ಗಾಯಕಿಗೆ ಅದು ಸೂಕ್ತ. ಕಪ್ಪು ಪರದೆಯ ಮುಂದೆ ಕಪ್ಪು ರೆಕ್ಸಿನ್ ತೊಟ್ಟು ನಿಂತರೆ ತಲೆ ಮತ್ತು ಎರಡು ಕೈ ಮಾತ್ರ ತೇಲಾಡುತ್ತವೆ. ಒಂದು ಗೇಣು ತುಂಡು ತಂದು, ಮೊಬೈಲ್ ಟಾರ್ಚಿಗೆ ಬಣ್ಣದ ಜಿಲೇಟಿನ್ ಕಾಗದ ಸುತ್ತಿ, ಕತ್ತಲೆ ಕೋಣೆಯಲ್ಲಿ ನೋಡಿ. ಆಮೇಲೆ ಥಾನು ಕತ್ತರಿಸಲು ಹೇಳಿ.

## ಹಂತ 5: ಕೋರಾ ಬಟ್ಟೆಯ ಟ್ರಯಲ್

ಇದನ್ನು ಹಾರಿಸಿಬಿಡೋಣ ಅನ್ನಿಸುತ್ತದೆ. ಹಾರಿಸಬೇಡಿ. ಸ್ಯಾಟಿನ್ ಬಿಚ್ಚಿ ಹೊಲಿದರೆ ಸೂಜಿಯ ತೂತು ಕಾಣುತ್ತದೆ, ರೆಕ್ಸಿನ್ನಿನಲ್ಲಂತೂ ತೂತು ಶಾಶ್ವತ. ಕೋರಾದಲ್ಲಿ ಎಷ್ಟು ಸಲ ಬಿಚ್ಚಿದರೂ ನಷ್ಟವಿಲ್ಲ. “ಮಾಸ್ಟರ್, ಮೊದಲು ಇದರಲ್ಲಿ ದೊಡ್ಡ ಹೊಲಿಗೆ ಹಾಕಿಕೊಡಿ, ಇದಕ್ಕೂ ದುಡ್ಡು ಕೊಡ್ತೀನಿ” ಅಂತ ಮೊದಲೇ ಹೇಳಿಬಿಡಿ. ಕೊನೆಯ ಮೂರು ಪದಗಳಿಲ್ಲದೆ ಆ ಮಾತು ಕೆಲಸ ಮಾಡುವುದಿಲ್ಲ. ಒಂದು ತಿಳಿದಿರಲಿ: ಕೋರಾ ಹಿಗ್ಗುವುದಿಲ್ಲ. ನಿಮ್ಮ ಬಟ್ಟೆ ಸ್ಟ್ರೆಚ್ ಆಗಿದ್ದರೂ ಕೋರಾವನ್ನು ಮೂರು ಇಂಚು ಸಡಿಲು ಬಿಟ್ಟೇ ಹೊಲಿಸಿ ನೋಡಿ.

ಬೂಟು, ಬೆಲ್ಟು, ಗಿಟಾರ್ ಎಲ್ಲ ಹಾಕಿಕೊಂಡು ಹೀಗೆ ಪರೀಕ್ಷಿಸಿ:

- ಒಂದು ಪೂರ್ತಿ ಹಾಡು ನಿಂತು ನುಡಿಸಿ.
- ಬಲಗೈಯನ್ನು ತಲೆಯ ಮೇಲೆ ಎತ್ತಿ, ಒಮ್ಮೆಲೇ ತಂತಿಯ ಮೇಲೆ ಇಳಿಸಿ. ಹತ್ತು ಸಲ.
- ಒಂದು ಮೊಣಕಾಲೂರಿ ಕುಳಿತು, ಕೈಯೂರದೆ ಏಳಿ.
- ಮೈಕ್ ಸ್ಟ್ಯಾಂಡ್ ಹಿಡಿದು ಹಿಂದಕ್ಕೆ ಬಾಗಿ.
- ಡ್ರಮ್ಮರ್ ಮೊಣಕಾಲು ಅಗಲಿಸಿ ಕುಳಿತು, ದೂರದ ಸಿಂಬಲ್‌ಗೆ ಕೈ ಚಾಚಲಿ.

ಬಟ್ಟೆಯ ಮೇಲೆ ಬೀಳುವ ಗೆರೆಗಳು ಏನಾಗಿದೆ ಅಂತ ಹೇಳುತ್ತವೆ. ತೊಡೆಯ ಸಂದಿನಿಂದ ಮೇಲಕ್ಕೆ ಓರೆಯಾಗಿ ಗೆರೆ ಎದ್ದರೆ ಮುಂಡದ ಉದ್ದ ಸಾಲದು. ಎದೆಯ ಮೇಲೆ ಅಡ್ಡ ಗೆರೆ ಬಿದ್ದರೆ ಅಗಲ ಸಾಲದು. ಕೈ ಎತ್ತಿದಾಗ ಇಡೀ ಉಡುಪೇ ಮೇಲಕ್ಕೆ ಜಗ್ಗಿದರೆ ಕಂಕುಳು ತೀರಾ ಕೆಳಗೆ ಕತ್ತರಿಸಿದ್ದಾರೆ ಅಂತ. ಈ ಕೊನೆಯದಕ್ಕೆ ಎಲ್ಲರೂ “ಕಂಕುಳು ಇನ್ನೂ ಲೂಸ್ ಮಾಡಿ” ಅನ್ನುತ್ತಾರೆ. ಮಾಡಿದಷ್ಟೂ ಜಾಸ್ತಿ ಜಗ್ಗುತ್ತದೆ. ಕಂಕುಳನ್ನು ಮೇಲಕ್ಕೆ ತಂದು, ಅಲ್ಲಿ ನಾಲ್ಕು ಇಂಚಿನ ವಜ್ರಾಕಾರದ ಒಂದು ತುಂಡು ಸೇರಿಸಿ ಹೊಲಿದರೆ ಕೈ ಆಕಾಶಕ್ಕೆ ಎತ್ತಿದರೂ ಸೊಂಟ ಅಲುಗದು.

ಬೆಲ್‌ಬಾಟಮ್ ತೊಡೆಯಿಂದಲೇ ಅಗಲವಾದರೆ ಪಲಾಜೊ ಆಗುತ್ತದೆ. ಮೊಣಕಾಲವರೆಗೆ ಮೈಗಂಟಿಕೊಂಡು, ಮೊಣಕಾಲ ಒಂದಿಂಚು ಮೇಲಿನಿಂದ ಬಿಚ್ಚಿಕೊಳ್ಳಬೇಕು. ಹಿಂದಿನ ಅಂಚು ನೆಲದಿಂದ ಅರ್ಧ ಇಂಚು ಮೇಲೆ, ಮುಂದಿನದು ಬೂಟಿನ ಮೇಲೆ ತಾಗುವಷ್ಟು. ಪೆಡಲ್ ಒತ್ತುವ ಕಾಲಿನ ಅಂಚಿಗೆ ಒಳಗಿಂದ ಕ್ಯಾನ್ವಾಸ್ ಪಟ್ಟಿ ಹಾಕಿಸಿ, ಆಗ ಅದು ಮಡಚಿಕೊಂಡು ಬೂಟಿನಡಿ ಹೋಗದು.

## ಹಂತ 6: ಹೊಲಿಗೆ ಮತ್ತು ಜಿಪ್

ಸ್ಯಾಟಿನ್ ಜಾರುತ್ತದೆ, ಅಂಚು ಬಿಡುತ್ತದೆ. ಹೊಸ ಸೂಜಿಯೇ ಬೇಕು, ಮೊಂಡಾದ ಸೂಜಿ ದಾರ ಎಳೆದು ಗೀರು ಬೀಳಿಸುತ್ತದೆ. ಅಂಚಿಗೆಲ್ಲ ಓವರ್‌ಲಾಕ್. ಒಳಗೆ ಒಂದು ಇಂಚು ಮಾರ್ಜಿನ್ ಬಿಡಿಸಿ.

ರೆಕ್ಸಿನ್ನಿಗೆ ಪಿನ್ ಚುಚ್ಚಬೇಡಿ, ಕ್ಲಿಪ್ ಹಾಕಿ. ಹೊಲಿಗೆ ಉದ್ದ ಮೂರೂವರೆಯಿಂದ ನಾಲ್ಕು ಮಿಲಿಮೀಟರ್ ಇರಲಿ. ಗಟ್ಟಿಯಾಗಲಿ ಅಂತ ಒತ್ತೊತ್ತಾಗಿ ಹಾಕಿಸಿದರೆ ಅದು ಅಂಚೆಚೀಟಿಯಂತೆ ತೂತಿನ ಸಾಲಾಗಿ, ಎಳೆದಲ್ಲಿ ಹರಿಯುತ್ತದೆ. ಮಿಷನ್ನಿನ ಪಾದಕ್ಕೆ ರೆಕ್ಸಿನ್ ಅಂಟಿಕೊಂಡು ಮುಂದೆ ಸರಿಯದಿದ್ದರೆ ಮೇಲೊಂದು ಟಿಶ್ಯೂ ಪೇಪರ್ ಇಟ್ಟು ಹೊಲಿದು, ಆಮೇಲೆ ಕಿತ್ತುಹಾಕಿ. ಇಸ್ತ್ರಿ ಮಾತ್ರ ಮುಟ್ಟಿಸಲೇಬೇಡಿ.

ಎರಡು ಕಡೆ ಜೋಡಿ ಹೊಲಿಗೆಯ ಜೊತೆ ಒಳಗೆ ಕಾಟನ್ ಪಟ್ಟಿ ಇಡಿಸಿ: ಕಾಲುಸಂದಿಯ ಹೊಲಿಗೆ ಮತ್ತು ಸ್ಟ್ರ್ಯಾಪ್ ಕೂರುವ ಎಡ ಭುಜ. ದಪ್ಪ ಮೈಯ ಎಲೆಕ್ಟ್ರಿಕ್ ಗಿಟಾರ್ ನಾಲ್ಕು ಕೆಜಿ ಆಸುಪಾಸು ತೂಗುತ್ತದೆ. ಆ ಭಾರ ಒಂದೇ ಭುಜದ ಹೊಲಿಗೆಯ ಮೇಲೆ, ಮುಕ್ಕಾಲು ಗಂಟೆ. ಸ್ಯಾಟಿನ್ ಮೇಲೆ ನೈಲಾನ್ ಸ್ಟ್ರ್ಯಾಪ್ ನಿಲ್ಲದೆ ಜಾರುತ್ತದೆ, ಗಿಟಾರಿನ ತಲೆ ನೆಲದತ್ತ ಇಳಿಯುತ್ತದೆ. ಒಳಬದಿ ಒರಟಾದ ಚರ್ಮದ ಸ್ಟ್ರ್ಯಾಪ್ ಬಳಸಿ.

ಎದೆ ಮತ್ತು ಬೆನ್ನಿಗೆ ತೆಳು ಕಾಟನ್ ಲೈನಿಂಗ್ ಹಾಕಿಸಿ. ಕಾಲಿಗೆ ಬೇಡ. ಲೈನಿಂಗ್ ಇಲ್ಲದ ಸ್ಯಾಟಿನ್ ಎರಡನೇ ಹಾಡಿಗೇ ಬೆವರಿನ ನಕ್ಷೆ ಬಿಡಿಸುತ್ತದೆ.

ಜಿಪ್ ಮುಂದೆಯೇ ಇರಲಿ. ಬೆನ್ನಿನ ಜಿಪ್ ನೋಡಲು ಅಚ್ಚುಕಟ್ಟು, ಆದರೆ ಗ್ರೀನ್ ರೂಮಿನಲ್ಲಿ ಬಾತ್‌ರೂಮಿಗೆ ಹೋಗಬೇಕಾದಾಗ ಯಾರನ್ನಾದರೂ ಕೂಗಬೇಕಾಗುತ್ತದೆ. ಕಾಲೇಜು ಆಡಿಟೋರಿಯಮ್ಮುಗಳ ಬಾತ್‌ರೂಮಿನಲ್ಲಿ ಜಂಪ್‌ಸೂಟನ್ನು ಪೂರ್ತಿ ಇಳಿಸಿ ನೆಲಕ್ಕೆ ತಾಗದಂತೆ ಹಿಡಿದುಕೊಳ್ಳುವುದೇ ಒಂದು ಕಲೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮುಂಚೆ ಮುಗಿಸಿಕೊಳ್ಳಿ. ಕುತ್ತಿಗೆಯಿಂದ ಹೊಕ್ಕುಳ ಕೆಳಗಿನವರೆಗೆ ಜಿಪ್ ಇದ್ದರೇ ಕಾಲು ತೂರಿಸಲು ಆಗುವುದು. ಅದಕ್ಕಿಂತ ಗಿಡ್ಡ ಜಿಪ್ ಹಾಕಿದರೆ ಪ್ರತಿ ಸಲ ತೊಡುವಾಗಲೂ ಜಿಪ್ಪಿನ ಬುಡ ಸ್ವಲ್ಪ ಸ್ವಲ್ಪ ಹರಿಯುತ್ತ ಬರುತ್ತದೆ.

ಲೋಹದ ಹಲ್ಲಿನ ಜಿಪ್ ಫೋಟೊದಲ್ಲಿ ಚೆನ್ನ, ಗಿಟಾರಿನ ಬೆನ್ನಿಗೆ ಶತ್ರು. ಪಾಲಿಶ್ ಮೇಲೆ ಒಂದೇ ರಾತ್ರಿಯಲ್ಲಿ ಗೀರು ಮೂಡಿಸುತ್ತದೆ. ಎದೆಯವರೆಗೆ ಕಾಣುವಂತೆ ಬಿಟ್ಟು, ಅಲ್ಲಿಂದ ಕೆಳಗೆ ಜಿಪ್ಪಿನ ಮೇಲೆ ಒಂದೂವರೆ ಇಂಚಿನ ಬಟ್ಟೆ ಪಟ್ಟಿ ಬರುವಂತೆ ಹೊಲಿಸಿದರೆ ಎರಡೂ ಉಳಿಯುತ್ತವೆ. ಬೆಲ್ಟಿನ ಬಕಲ್ಲನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಿ. ಬಾಡಿಗೆ ಗಿಟಾರ್ ಆದರೆ ಇದನ್ನು ಎರಡು ಸಲ ಓದಿ.

## ಹಂತ 7: ಜಂಪ್‌ಸೂಟ್ ಬೇಡವಾದರೆ

ಸಮಯ ಇಲ್ಲ, ದುಡ್ಡಿಲ್ಲ, ಮನೆಯಲ್ಲಿ ಒಪ್ಪುವುದಿಲ್ಲ, ಅಥವಾ ಮೈಗಂಟುವ ಬಟ್ಟೆ ನಿಮಗೇ ಹಿಡಿಸದು. ಯಾವ ಕಾರಣವಾದರೂ ಸರಿ. ಮೊಣಕಾಲಿಂದ ಅಗಲವಾಗುವ ಕಡುನೀಲಿ ಜೀನ್ಸ್, ಮೈಗೆ ಸರಿಯಾಗಿ ಕೂರುವ ಸಾದಾ ಟೀ ಶರ್ಟು, ಸೊಂಟಕ್ಕೆ ನಿಲ್ಲುವ ಗಿಡ್ಡ ಜಾಕೆಟ್ಟು. ಜಾಕೆಟ್ ಚರ್ಮದ್ದಾದರೆ ಜೋನ್, ಹೊಳೆಯುವ ಸ್ಯಾಟಿನ್ ಆದರೆ ಶೆರಿ. ಜಾಕೆಟ್ ತೊಡೆಯವರೆಗೆ ಬಂದರೆ ಯಾರೂ ಅಲ್ಲ.

ಹರಿದ ಜೀನ್ಸ್, ಮುಳ್ಳಿನ ಬೆಲ್ಟು ಎರಡು ಮೂರು, ಕೈತುಂಬ ಸರಪಳಿ ಬೇಡ. ಅವೆಲ್ಲ ಆಮೇಲಿನ ಪಂಕ್, ಮೆಟಲ್ ಕಾಲದ್ದು. ಐವರೂ ಒಂದೇ ಕಪ್ಪು ಹಾಕಿದರೆ ಯೂನಿಫಾರ್ಮ್ ಆಗುತ್ತದೆ. ಆ ತಂಡದ ಫೋಟೊಗಳಲ್ಲಿ ಒಬ್ಬರಂತೆ ಒಬ್ಬರಿಲ್ಲ.

## ಹಂತ 8: ಕೂದಲು ಮತ್ತು ಮುಖ

ಕೂದಲಿನ ಗುಟ್ಟು ಬಣ್ಣದಲ್ಲಿಲ್ಲ, ಕತ್ತರಿಯಲ್ಲಿದೆ. ನೆತ್ತಿಯ ಮೇಲೆ ಗಿಡ್ಡ, ಕಿವಿಯ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ, ಕುತ್ತಿಗೆಯ ಹಿಂದೆ ಉದ್ದ: ಇದು ಜೋನ್‌ನ ಶ್ಯಾಗ್. ಶೆರಿಯದೂ ಪದರ ಪದರವೇ, ಆದರೆ ಮುಖದಿಂದ ಹಿಂದಕ್ಕೆ ಹಾರಿದಂತೆ. ಲೀಟಾಗೆ ಉದ್ದ ಕೂದಲು, ಹೆಚ್ಚು ಕತ್ತರಿ ಬೇಕಿಲ್ಲ. ಕಪ್ಪು, ದಟ್ಟ ಕೂದಲಿನವರಿಗೆ ಜೋನ್ ಅಥವಾ ಜಾಕಿ ಸುಲಭ.

ಒಂದು ಸಂಜೆಗಾಗಿ ಕಪ್ಪು ಕೂದಲನ್ನು ಬ್ಲೀಚ್ ಮಾಡಿಸಬೇಡಿ. ಒಂದೇ ದಿನದಲ್ಲಿ ಹೊಂಬಣ್ಣಕ್ಕೆ ತಂದುಕೊಡುತ್ತೇವೆ ಅನ್ನುವ ಪಾರ್ಲರ್ ಕೂದಲನ್ನು ಹುಲ್ಲು ಮಾಡಿ ಕಳಿಸುತ್ತದೆ. ವಿಗ್ ತನ್ನಿ, ತಲೆಗೆ ಹಾಕಿಕೊಂಡ ಮೇಲೆಯೇ ಅದರ ಮುಂಗುರುಳು ಕತ್ತರಿಸಿಕೊಳ್ಳಿ. ಸಿಂಥೆಟಿಕ್ ವಿಗ್ಗಿಗೆ ಬಿಸಿ ಕಡ್ಡಿ ತಾಗಿಸಿದರೆ ಕರಗುತ್ತದೆ. ತಲೆ ಕೊಡವುವ ಹಾಡಿದ್ದರೆ ಟೋಪಿಯಂಥ ಒಳಕ್ಯಾಪ್, ಎಂಟು ಹತ್ತು ಪಿನ್ನು ಕಡ್ಡಾಯ.

ಸ್ವಂತ ಕೂದಲೇ ಆದರೆ ಎರಡು ದಿನ ಮುಂಚೆ ಎಣ್ಣೆ ನಿಲ್ಲಿಸಿ. ಹಿಂದಿನ ರಾತ್ರಿ ಅಜ್ಜಿ ಪ್ರೀತಿಯಿಂದ ಹಚ್ಚಿದ ಕೊಬ್ಬರಿ ಎಣ್ಣೆ, ಒಂದು ಶಾಂಪೂವಿಗೆ ಪೂರ್ತಿ ಹೋಗದೆ, ಪದರಗಳನ್ನೆಲ್ಲ ತಲೆಗೆ ಅಂಟಿಸಿ ಕೂರಿಸುತ್ತದೆ. ಅರ್ಧ ಒಣಗಿದ ಮೇಲೆ ದುಂಡು ಬ್ರಷ್ಷಿನಿಂದ ಮುಖದಿಂದ ಹಿಂದಕ್ಕೆ ಸುತ್ತುತ್ತ ಡ್ರೈಯರ್ ಹಿಡಿಯಿರಿ, ತಣ್ಣಗಾಗುವವರೆಗೆ ಬ್ರಷ್ ಬಿಡಬೇಡಿ.

ಮುಖಕ್ಕೆ ಜಾಸ್ತಿ ಏನೂ ಬೇಡ. ಕಣ್ಣಂಚಿಗೆ ಕಾಡಿಗೆ, ಜೋನ್ ಆದರೆ ತುಸು ಗಾಢ, ರೆಪ್ಪೆಯ ಮೇಲೆ ನೀಲಿ ಅಥವಾ ಬೆಳ್ಳಿ. ಕಾಡಿಗೆ ವಾಟರ್‌ಪ್ರೂಫ್ ಆಗಿರಲಿ. ಮೂಗಿನ ಮೇಲೆ ಮಿಂಚು ಪುಡಿ ಹಾಕಿದರೆ ಬೆವರಿನ ಜೊತೆ ಕಣ್ಣಿಗೇ ಇಳಿಯುತ್ತದೆ.

## ಹಂತ 9: ಪೂರ್ತಿ ವೇಷದಲ್ಲಿ ರಿಹರ್ಸಲ್

ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಎಲ್ಲ ಹಾಡುಗಳನ್ನೂ ಪೂರ್ತಿ ವೇಷದಲ್ಲಿ, ಫ್ಯಾನ್ ಆರಿಸಿ ನುಡಿಸಿ. ಹಿಂದಿನ ದಿನ ಮಾಡಿದರೆ ಸರಿಪಡಿಸಲು ಟೈಲರ್ ಸಿಗುವುದಿಲ್ಲ. ಮಾರನೆಯ ಬೆಳಿಗ್ಗೆ ಉಡುಪನ್ನು ಒಳಮಗ್ಗುಲು ಮಾಡಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಸಾಲಿನಲ್ಲಿ ಬೆಳಕಿನ ಚುಕ್ಕೆಗಳು ಕಂಡರೆ ಆ ಜಾಗ ಬಿಡಲು ಶುರುವಾಗಿದೆ. ಬಿಟ್ಟ ಮಾರ್ಜಿನ್ನಿನಿಂದ ಕಾಲಿಂಚು ಬಿಡಿಸಿ, ಪಟ್ಟಿ ಇಟ್ಟು ಮತ್ತೆ ಹೊಲಿಸಿ.

ಈ ಮೂರರಲ್ಲಿ ಯಾವುದಾದರೂ ಕಂಡರೆ ಆ ಉಡುಪಿನಲ್ಲಿ ವೇದಿಕೆಗೆ ಹೋಗಬೇಡಿ, ಜೀನ್ಸ್ ಮತ್ತು ಜಾಕೆಟ್ ತೊಡಿ: ಕುಳಿತಾಗ ಜಿಪ್ ತಾನಾಗಿ ಇಳಿಯುವುದು, ಆಳವಾಗಿ ಉಸಿರೆಳೆದರೆ ಎದೆ ಬಿಗಿಯುವುದು (ಗಾಯಕಿಗೆ ಇದು ಹಾಡೇ ಹೋದಂತೆ), ರೆಕ್ಸಿನ್ನಿನಲ್ಲಿ ಅರ್ಧ ಗಂಟೆಗೆ ತಲೆ ಸುತ್ತುವುದು. ಕೊನೆಯದನ್ನು “ಸ್ಟೇಜ್ ಭಯ” ಅಂತ ತಳ್ಳಿಹಾಕಬೇಡಿ. ಅದು ಮೈಯ ಬಿಸಿ ಹೊರಹೋಗದೆ ಆಗುವುದು. ಜಿಪ್ ಇಳಿಸಿ, ನೆರಳಿನಲ್ಲಿ ಕುಳಿತು, ನೀರು ಕುಡಿಯಿರಿ.

ಕಾರ್ಯಕ್ರಮದ ದಿನ ಗಿಟಾರ್ ಚೀಲದಲ್ಲಿ ಇಷ್ಟಿರಲಿ: ದಾರ ಪೋಣಿಸಿಟ್ಟ ಎರಡು ಸೂಜಿ, ದೊಡ್ಡ ಪಿನ್ನುಗಳು, ಉಡುಪಿನ ಬಣ್ಣದ ಬಟ್ಟೆ ಟೇಪು, ಜಿಪ್ಪಿಗೆ ತೀಡಲು ಮೇಣದಬತ್ತಿಯ ತುಂಡು, ಒಂದು ಟವೆಲ್ಲು. ಹೊಲಿಗೆ ವೇದಿಕೆಯ ಮೇಲೆಯೇ ಬಿಟ್ಟರೆ ಟೇಪನ್ನು ಒಳಗಿನಿಂದ ಹಚ್ಚಿ, ಹೊರಗಿನಿಂದಲ್ಲ. ಗಿಟಾರ್ ಇದ್ದವರು ಅದನ್ನೇ ಅಡ್ಡ ಹಿಡಿದುಕೊಂಡು ಹಾಡು ಮುಗಿಸಬಹುದು. ಗಾಯಕಿಗೆ ಆ ಅನುಕೂಲ ಇಲ್ಲದ್ದರಿಂದ ಅವಳ ಜಾಕೆಟ್ಟು ಆಂಪ್ಲಿಫೈಯರ್ ಮೇಲೆ ಕೈಗೆಟಕುವಂತೆ ಇರಲಿ.

ಮುಗಿದ ಮೇಲೆ ಬೆವರಿದ ಉಡುಪನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಸ್ಯಾಟಿನ್ ಆದರೆ ಅದೇ ರಾತ್ರಿ ತಣ್ಣೀರಿನಲ್ಲಿ ಅದ್ದಿ, ಹಿಂಡದೆ ನೆರಳಿಗೆ ಹಾಕಿ. ರೆಕ್ಸಿನ್ನಿನ ಒಳಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಅಗಲ ಹ್ಯಾಂಗರಿಗೆ ತೂಗುಹಾಕಿ. ಮಡಚಿ ಬೀರುವಿನಲ್ಲಿಟ್ಟರೆ ಮುಂದಿನ ಸಲ ತೆಗೆಯುವಾಗ ಮಡಿಕೆಗಳಲ್ಲಿ ಚಕ್ಕೆ ಎದ್ದಿರುತ್ತದೆ.